ಕುಳ್ಳ ಮಗು ಹುಟ್ಟಿದರೆ ತಾಯಿಯನ್ನೇಕೆ ದೂರುವುದು?

ಬಾದಾಮಿಯ ಒಂದನೇ ಗುಹೆಯ ಕಟ್ಟೆಯಲ್ಲಿ ಕುಳ್ಳ ಗಣಗಳ ಸಾಲು ಕೆತ್ತಿದೆ. ನೋಡಿದವರಿಗೆ ನಗು ಬರುತ್ತದೆ, ಕಲ್ಲಿಗೆ ನೋವಿಲ್ಲ. ಆದರೆ ಬಾಗಲಕೋಟೆಯ ಬಸ್‌ಸ್ಟ್ಯಾಂಡಿನಲ್ಲೋ ಇಳಕಲ್ ಸಂತೆಯಲ್ಲೋ ಕುಳ್ಳ ಮನುಷ್ಯನನ್ನು ಕಂಡಾಗಲೂ ಹಾಗೇ ನಗುವವರಿದ್ದಾರೆ. ಮನೆಯೊಳಗಿನ ಮಾತು ಇನ್ನೂ ಕಟು. 'ಬಸುರಿದ್ದಾಗ ಗ್ರಹಣದಾಗ ಹೊರಗ ಬಂದಿದ್ಲು, ಅದಕ್ಕ ಹಿಂಗಾತು' ಎಂದು ಹೆತ್ತವಳ ತಲೆಗೇ ಕಟ್ಟುತ್ತಾರೆ. ಈ ಮಾತನ್ನು ನಾವು ನಿಲ್ಲಿಸಬೇಕು, ಯಾಕೆಂದರೆ ಅದು ಸುಳ್ಳು.

ಕುಳ್ಳತನ ತರುವ ಮೂಳೆ ತೊಂದರೆಗಳಲ್ಲಿ ಹೆಚ್ಚು ಕಾಣುವುದು ಅಕಾಂಡ್ರೊಪ್ಲೇಸಿಯಾ. ಮಕ್ಕಳ ಮೂಳೆಗಳ ತುದಿಯ ಮೃದ್ವಸ್ಥಿ ಬೆಳೆದು ಗಟ್ಟಿಯಾದಂತೆ ಕೈಕಾಲು ಉದ್ದವಾಗುತ್ತವೆ. ಎಫ್‌ಜಿಎಫ್‌ಆರ್3 ಎಂಬ ಜೀನ್ ಈ ಬೆಳವಣಿಗೆಗೆ ಬ್ರೇಕ್ ಇದ್ದ ಹಾಗೆ. ಅದರಲ್ಲಿ ಸಣ್ಣದೊಂದು ಬದಲಾವಣೆಯಾದರೆ ಬ್ರೇಕ್ ಬಿಡುವುದೇ ಇಲ್ಲ. ತೋಳು, ತೊಡೆ ಗಿಡ್ಡವಾಗುತ್ತವೆ. ಬುದ್ಧಿಗೆ ಸಾಮಾನ್ಯವಾಗಿ ಏನೂ ಕೊರತೆಯಿಲ್ಲ. ಇಂಥ 100 ಮಕ್ಕಳಲ್ಲಿ ಸುಮಾರು 80 ಮಕ್ಕಳ ಅಪ್ಪ ಅಮ್ಮ ಸಾಮಾನ್ಯ ಎತ್ತರದವರೇ. ಬದಲಾವಣೆ ಹೊಸದಾಗಿ ಆಗಿರುತ್ತದೆ, ಅದೂ ಬಹುಪಾಲು ತಂದೆಯ ಕಡೆಯಿಂದ. ತಾಯಿ ತಿಂದದ್ದಕ್ಕೂ ನೋಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಂಬಂಧದೊಳಗಿನ ಮದುವೆಯೂ ಇದಕ್ಕೆ ಕಾರಣವಲ್ಲ. ಬೇರೆ ಕೆಲವು ಬಗೆಯ ಕುಳ್ಳತನಕ್ಕೆ ಮಾತ್ರ ಅದು ದಾರಿಯಾಗಬಹುದು.

ಕಾರಣ ಹುಡುಕುವಾಗ ಎಡವುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 1975ರ ಸುಮಾರಿಗೆ ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿ ನೋವಿನಿಂದ ನಡೆಯಲಾಗದ ಜನ ಕಂಡುಬಂದರು. ಕೆಲವರು ಕುಳ್ಳಾಗಿಯೇ ಉಳಿದರು. ಹೆಚ್ಚಿನವರು ದಲಿತ ಕುಟುಂಬದವರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣವೆಂದು ಆಗ ಶಂಕಿಸಿದ್ದರು. ಮುಂದೆ ವಂಶಾವಳಿ ಪರಿಶೀಲಿಸಿದ ವಿಜ್ಞಾನಿಗಳು ಇದು ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ಮೂಳೆ ರೋಗವೆಂದು ತೋರಿಸಿದರು. ಅದು ಅಕಾಂಡ್ರೊಪ್ಲೇಸಿಯಾ ಅಲ್ಲ, ಬೇರೆಯೇ ರೋಗ. ಆದರೆ ಊಟದ ತಟ್ಟೆ ನೋಡಿ ತೀರ್ಪು ಕೊಡಬಾರದೆಂಬ ಪಾಠ ಎರಡಕ್ಕೂ ಒಂದೇ.

ಹಾಗಾದರೆ ನಾವೇನು ಮಾಡಬೇಕು? ಅಕಾಂಡ್ರೊಪ್ಲೇಸಿಯಾ ಇರುವ ಕೂಸು ತಾನಾಗಿ ಕೂರುವ ತನಕ ದಿಂಬು ಆನಿಸಿ ಕೂರಿಸಬೇಡಿ, ಬೆನ್ನು ಬಾಗುತ್ತದೆ. ಇಂಥ ಕೂಸುಗಳಿಗೆ ತಲೆಬುರುಡೆಯ ಬುಡದ ರಂಧ್ರ ಕಿರಿದಾಗಿರುತ್ತದೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬಂದರೆ, ತಲೆ ಬೇಗ ಬೇಗ ದೊಡ್ಡದಾದರೆ, ಕಾಲು ಸೋತರೆ ಕೂಡಲೇ ಮಕ್ಕಳ ಡಾಕ್ಟರಿಗೆ ತೋರಿಸಿ. ಜೀವದ ಪ್ರಶ್ನೆ ಅದು. ಎತ್ತರವಾಗುವ ಪುಡಿ, ಎಣ್ಣೆಗಳಿಗೆ ದುಡ್ಡು ಸುರಿಯಬೇಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕುಳ್ಳತನವೂ ಸೇರಿದೆ. ಇಂಥ ತೊಂದರೆಯಿಂದಾಗಿ ಬೆಳೆದ ಮೇಲೂ 4 ಅಡಿ 10 ಇಂಚು ದಾಟದವರು ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ವೈಕಲ್ಯದ ಪ್ರಮಾಣ ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಕಾಲೇಜು ಸೀಟು, ಸರ್ಕಾರಿ ನೌಕರಿಗಳಲ್ಲಿ ಅಂಗವಿಕಲರ ಮೀಸಲಾತಿಗೂ ಅರ್ಹರು.

ಬಾದಾಮಿಯಾಗಲಿ ಹುನಗುಂದವಾಗಲಿ, ಶಾಲೆಯಲ್ಲಿ ಈ ಮಗುವಿಗೆ ಬೇಕಾದದ್ದು ಕಾಲಿಡಲು ಒಂದು ಮಣೆ, ಕೈಗೆಟಕುವ ನಲ್ಲಿ, ವಯಸ್ಸಿಗೆ ತಕ್ಕ ಮಾತು. ಎತ್ತರ ನೋಡಿ ಹತ್ತು ವರ್ಷದ ಹುಡುಗನನ್ನು ಕೂಸಿನ ಹಾಗೆ ಎತ್ತಿಕೊಳ್ಳಬೇಡಿ.