ಎಳೆಯರಿಗೆ ವ್ಯಾಕರಣ: ಏಕೆ, ಹೇಗೆ?

ವ್ಯಾಕರಣವೆಂಬ ಮಾತು ಕಿವಿಗೆ ಬಿದ್ದೊಡನೆ ಮೂಗು ಮುರಿಯದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ದುರ್ಲಭ. ಐಚ್ಛಿಕ ಕನ್ನಡವನ್ನು ಆರಿಸಿಕೊಂಡಿರುವ ನಾವುಗಳೂ ಕೇಶಿರಾಜನ ಹೆಸರು ಕೇಳಿದರೆ ಪರೀಕ್ಷೆಯ ದಿನವನ್ನೇ ನೆನೆಯುತ್ತೇವೆ. ಹೀಗಿರುವಲ್ಲಿ ಏಳೆಂಟು ವರ್ಷದ ಮಕ್ಕಳಿಗೆ ವ್ಯಾಕರಣವನ್ನು ಕಲಿಸಬೇಕೆ, ಕಲಿಸಿದರೂ ಅದು ತಲೆಗೆ ಹತ್ತೀತೆ ಎಂಬ ಸಂದೇಹ ಸಹಜವಾದದ್ದೇ. ಕಲಿಸಬೇಕು, ಹತ್ತುತ್ತದೆ, ಆದರೆ ನಮ್ಮಲ್ಲಿ ಬಹುಮಂದಿ ಕಲಿತ ರೀತಿಯಲ್ಲಿ ಅಲ್ಲ ಎಂಬುದು ನನ್ನ ಅಭಿಪ್ರಾಯ. ಕಳೆದ ಒಂದೂವರೆ ವರ್ಷದಿಂದ ಚಾಮರಾಜಪೇಟೆಯಲ್ಲಿ, ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗುವ ಕೆಲವು ಮಕ್ಕಳಿಗೆ ಸಂಜೆಯ ಹೊತ್ತು ಪಾಠ ಹೇಳಿಕೊಡುತ್ತಿದ್ದೇನೆ. ಇಲ್ಲಿ ಬರೆಯುವ ಮಾತುಗಳಲ್ಲಿ ಅರ್ಧ ಪುಸ್ತಕದಿಂದ ಬಂದವು; ಉಳಿದರ್ಧ ಆ ಮಕ್ಕಳಿಂದ ಬಂದವು.

ಮೊದಲು ಊರಿನ ವಿಷಯ. ಚಾಮರಾಜಪೇಟೆ ೧೮೯೨ರಲ್ಲಿ ಹುಟ್ಟಿದ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳು ಅದರ ಬೆನ್ನಿಗೇ, ೧೮೯೮ರ ಪ್ಲೇಗಿನ ಕಾಲದಲ್ಲಿ ಜನ ಪೇಟೆಯನ್ನು ಬಿಟ್ಟು ಹೊರಬಂದಾಗ ಬೆಳೆದವು. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿಯೇ ಇದೆ. ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳ ಮಹಾಕೃತಿ. ಅದಕ್ಕಾಗಿ ದುಡಿದವರಲ್ಲಿ ಅಗ್ರಗಣ್ಯರಾದ ಪ್ರೊ. ಜಿ. ವೆಂಕಟಸುಬ್ಬಯ್ಯನವರು (೧೯೧೩-೨೦೨೧) ಬಸವನಗುಡಿಯ ವಿಜಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ಹೀಗೆ ಕನ್ನಡದ ಶಬ್ದಭಂಡಾರವೆಲ್ಲ ಒಂದು ಹರದಾರಿಯೊಳಗೆ ತುಂಬಿಕೊಂಡಿರುವ ಪ್ರದೇಶ ಇದು. ಆದರೆ ಇದೇ ಬೀದಿಗಳಲ್ಲಿ ಸರ್ಕಾರಿ ಶಾಲೆಗೆ ನಡೆದು ಹೋಗುವ ಮಗುವಿನ ಮನೆಮಾತು ಅನೇಕ ವೇಳೆ ತೆಲುಗು, ತಮಿಳು ಇಲ್ಲವೆ ಉರ್ದು. ಕನ್ನಡವೇ ಆಗಿದ್ದರೂ ಅದು ರಾಯಚೂರು, ಕಲಬುರಗಿಗಳಿಂದ ಗಾರೆ ಕೆಲಸಕ್ಕೆಂದು ಬಂದ ತಂದೆತಾಯಿಗಳ ಕನ್ನಡ. ಪಠ್ಯಪುಸ್ತಕದ ಕನ್ನಡಕ್ಕೂ ಅದಕ್ಕೂ ಇರುವ ದೂರವನ್ನು ಆ ಮಗು ಒಂಟಿಯಾಗಿಯೇ ನಡೆಯಬೇಕಾಗಿದೆ. ಮನೆಯಲ್ಲಿ ಹೇಳಿಕೊಡಲು ಓದು ಬಲ್ಲವರಿಲ್ಲ.

ಇಂಥ ಮಗುವಿಗೆ ವ್ಯಾಕರಣ ತಿಳಿಯದೆಂದು ನಾವು ಭಾವಿಸುತ್ತೇವೆ. ಇದು ನಿಜವಲ್ಲ. ನಮ್ಮ ಮೂರು ಬಡಾವಣೆಗಳ ಹೆಸರನ್ನೇ ತೆಗೆದುಕೊಳ್ಳೋಣ. ‘ಬಸ್ಸು ಎಲ್ಲಿಗೆ ಹೋಗುತ್ತದೆ?’ ಎಂದು ಮಕ್ಕಳನ್ನು ಕೇಳಿ. ‘ಬಸವನಗುಡಿಗೆ’, ‘ಚಾಮರಾಜಪೇಟೆಗೆ’, ‘ಗಾಂಧಿಬಜಾರಿಗೆ’, ‘ಮಲ್ಲೇಶ್ವರಕ್ಕೆ’ ಎನ್ನುತ್ತಾರೆ. ಇ, ಎ ಎಂಬ ಸ್ವರಗಳಲ್ಲಿ ಮುಗಿಯುವ ಶಬ್ದಕ್ಕೆ ‘ಗೆ’. ಉಕಾರದಲ್ಲಿ ಮುಗಿದರೆ ‘ಇಗೆ’. ಅಕಾರದಲ್ಲಿ ಮುಗಿಯುವ ನಪುಂಸಕ ಶಬ್ದಕ್ಕೆ ಸಾಮಾನ್ಯವಾಗಿ ‘ಕ್ಕೆ’. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಬಸ್ಸಿನವರಂತೆ ‘ಮಲ್ಲೇಶ್ವರಂ’ ಎಂದು ರೂಢಿ ಮಾಡಿಕೊಂಡ ಹುಡುಗನು ‘ಮಲ್ಲೇಶ್ವರಮ್ಗೆ’ ಎಂದನು. ಅವನಾದರೂ ನಿಯಮವನ್ನು ಬಿಟ್ಟವನಲ್ಲ. ಅವನ ಶಬ್ದ ಅಕಾರದಲ್ಲಿ ಮುಗಿಯಲಿಲ್ಲ, ಆದುದರಿಂದ ‘ಕ್ಕೆ’ ಬರಲಿಲ್ಲ, ಅಷ್ಟೆ.

ಮುಂದೆ ಇನ್ನೊಂದು ಪ್ರಶ್ನೆ ಕೇಳಿದೆ: ‘ಕಾಡು ಮಲ್ಲೇಶ್ವರನ ಗುಡಿಯಲ್ಲಿ ಪೂಜೆ ಯಾರಿಗೆ?’ ಎಲ್ಲರೂ ಒಕ್ಕೊರಲಿನಿಂದ, ‘ಮಲ್ಲೇಶ್ವರನಿಗೆ!’ ಒಂದೇ ಶಬ್ದ. ಊರಾದಾಗ ‘ಮಲ್ಲೇಶ್ವರಕ್ಕೆ’, ದೇವರಾದಾಗ ‘ಮಲ್ಲೇಶ್ವರನಿಗೆ’. ಪುಲ್ಲಿಂಗ, ನಪುಂಸಕಲಿಂಗಗಳ ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಸೂತ್ರ ಹೇಳೀತು? ಮಕ್ಕಳು ತಮ್ಮ ಉತ್ತರವನ್ನು ತಾವೇ ಹಲಗೆಯ ಮೇಲೆ ಕಂಡು, ‘ಯಾಕೆ ಹೀಗೆ?’ ಎಂದು ಕೇಳಿದರು. ಆ ಪ್ರಶ್ನೆ ಹುಟ್ಟಿದ ಮೇಲೆಯೇ ವ್ಯಾಕರಣದ ಪಾಠ ಆರಂಭವಾಗತಕ್ಕದ್ದು. ಉಪಾಧ್ಯಾಯನ ಕೆಲಸ ವ್ಯಾಕರಣವನ್ನು ತುಂಬುವುದಲ್ಲ. ನಾಲಗೆಯಲ್ಲಿ ಆಗಲೇ ಇರುವುದನ್ನು ಕಣ್ಣಿಗೆ ಕಾಣಿಸುವುದು.

ನಮ್ಮ ಪ್ರಾಚೀನರೂ ಹೀಗೆಯೇ ಮಾಡಿದರು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸುವಾಗ ತನಗಿಂತ ಹಿಂದಿನ ಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡು ಸೂತ್ರಗಳನ್ನು ಸಮರ್ಥಿಸಿದನು. ಪ್ರಯೋಗ ಮೊದಲು, ಸೂತ್ರ ಆಮೇಲೆ. ನಾವಾದರೋ ಶಾಲೆಯಲ್ಲಿ ಸೂತ್ರವನ್ನು ಮೊದಲು ಬಾಯಿಪಾಠ ಮಾಡಿಸಿ ಪ್ರಯೋಗವನ್ನು ಪರೀಕ್ಷೆಗೆ ಬಿಡುತ್ತೇವೆ. ‘ರಾಮನು, ರಾಮನನ್ನು, ರಾಮನಿಂದ, ರಾಮನಿಗೆ, ರಾಮನ ದೆಸೆಯಿಂದ’ ಎಂದು ಗಿಳಿಪಾಠ ಒಪ್ಪಿಸಿದ ಯಾವ ಮಗುವಾದರೂ ಆಟದ ಬಯಲಿನಲ್ಲಿ ‘ಮರದ ದೆಸೆಯಿಂದ ಬಿದ್ದೆ’ ಎಂದು ಅತ್ತದ್ದುಂಟೆ? ಅದು ‘ಮರದಿಂದ ಬಿದ್ದೆ’ ಎಂದೇ ಅಳುತ್ತದೆ. ಸಂಸ್ಕೃತದಲ್ಲಿ ತೃತೀಯೆ, ಪಂಚಮಿಗಳು ಬೇರೆ ಬೇರೆಯಾಗಿರುವುದರಿಂದ ಕನ್ನಡದಲ್ಲಿಯೂ ಬೇರೆಯಾಗಿ ತೋರಿಸಬೇಕಾಯಿತು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕವನ್ನೇ ಬರೆದು, ಸಂಸ್ಕೃತದ ಅಳತೆಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸುವ ಈ ಪದ್ಧತಿಯನ್ನು ಆಕ್ಷೇಪಿಸಿದರು. ಅವರ ಎಲ್ಲ ಮಾತನ್ನೂ ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಎಳೆಯ ಮಕ್ಕಳ ಮಟ್ಟಿಗೆ ಅವರ ಮಾತು ಸರಿಯೆಂದೇ ನನಗೆ ತೋರುತ್ತದೆ.

ಇನ್ನು ಮಕ್ಕಳ ತಪ್ಪುಗಳ ವಿಚಾರ. ತಪ್ಪನ್ನು ತಿದ್ದುವ ಮುನ್ನ ಅದು ಎಲ್ಲಿಂದ ಬಂತೆಂದು ವಿಚಾರಿಸಬೇಕು. ತೆಲುಗು ಮನೆಯ ಮಗು ‘ಅಕ್ಕ ಬಂತು’ ಎನ್ನುತ್ತದೆ. ಕೇಳಿದವರು ನಗುತ್ತಾರೆ. ತೆಲುಗಿನಲ್ಲಿ ಅಕ್ಕ ಬಂದರೂ ಹಸು ಬಂದರೂ ಕ್ರಿಯಾಪದ ಒಂದೇ, ‘ವಚ್ಚಿಂದಿ’. ಆ ಮಗು ತನ್ನ ತಾಯಿಯ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸಿದೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಶಬ್ದದ ಮೊದಲಲ್ಲಿ ಸಾಮಾನ್ಯವಾಗಿ ಕಕಾರದ ಉಚ್ಚಾರ. ಆ ಮನೆಯ ಮಗು ‘ಗಿಡ’ವನ್ನು ‘ಕಿಡ’ವೆಂದು ಬರೆದರೆ ಆಶ್ಚರ್ಯವಿಲ್ಲ. ಉರ್ದುವಿನಲ್ಲಿ ರೊಟ್ಟಿ, ಪುಸ್ತಕಗಳು ಸ್ತ್ರೀಲಿಂಗ; ನಮ್ಮಲ್ಲಿ ಜೀವವಿಲ್ಲದ ವಸ್ತುಗಳೆಲ್ಲ ನಪುಂಸಕ. ಬೆಂಗಳೂರಿನ ಕನ್ನಡ ಮನೆಗಳ ಮಕ್ಕಳಾದರೋ ‘ಹಾಲು’ ಎನ್ನುವಲ್ಲಿ ‘ಆಲು’ ಎನ್ನುತ್ತಾರೆ. ಇದಕ್ಕೆ ಬೆತ್ತ ಬೇಡ, ಒಂದು ವಾಕ್ಯ ಸಾಕು: ‘ಹಕ್ಕಿ ಅಕ್ಕಿ ತಿಂದಿತು.’ ಹಕಾರವನ್ನು ಬಿಟ್ಟರೆ ಅಕ್ಕಿಯೇ ಅಕ್ಕಿಯನ್ನು ತಿಂದಂತಾಗುತ್ತದೆ! ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಆದರೆ ಯಾರ ಮೇಲೂ ನಗುವುದಿಲ್ಲ, ವಾಕ್ಯದ ಮೇಲೆ ನಗುತ್ತಾರೆ. ಈ ಎರಡು ನಗೆಗಳಿಗೂ ಅಜಗಜಾಂತರ.

ಇದೇ ಹಕಾರ ಶಬ್ದಸಂಪತ್ತಿಗೂ ಬಾಗಿಲು ತೆರೆಯುತ್ತದೆ. ಹಳಗನ್ನಡದಲ್ಲಿ ಶಬ್ದದ ಮೊದಲಿಗಿದ್ದ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತೆಂಬುದನ್ನು ನಾವು ಕಾಲೇಜಿನಲ್ಲಿ ಓದುತ್ತೇವೆ. ತಮಿಳಿನಲ್ಲಿ ಆ ಪಕಾರ ಇಂದಿಗೂ ಉಳಿದಿದೆ. ‘ನಿಮ್ಮ ಮನೆಯ ಪಾಲ್ ಇಲ್ಲಿ ಹಾಲು, ಪಲ್ ಎಂದರೆ ಹಲ್ಲು. ಹಾಗಾದರೆ ಪುಲಿ?’ ಎಂದರೆ ತಮಿಳು ಮಗು ತಾನೇ ‘ಹುಲಿ’ ಎನ್ನುತ್ತದೆ. ‘ಪೂ?’ ‘ಹೂ.’ ‘ಪತ್ತು?’ ‘ಹತ್ತು.’ ಒಂದು ನಿಯಮಕ್ಕೆ ಐದು ಶಬ್ದ ಲಾಭ! ಮೇಲಾಗಿ ತನ್ನ ಮನೆಮಾತು ಕನ್ನಡಕ್ಕೆ ಅಡ್ಡಿಯಲ್ಲ, ಅಕ್ಕತಂಗಿಯ ನಂಟು ಎಂಬ ಧೈರ್ಯ ಆ ಮಗುವಿಗೆ ಬರುತ್ತದೆ. ‘ಪುಸ್ತಕ ಯಾಕೆ ಹುಸ್ತಕ ಆಗಲಿಲ್ಲ?’ ಎಂದು ಒಬ್ಬಳು ಕೇಳಿದಳು. ಅದು ಸಂಸ್ಕೃತದಿಂದ ಬಂದ ಶಬ್ದವೆಂಬ ಸಂಗತಿಯನ್ನು ಅಂದು ಅವಳೇ ಹೇಳಿಸಿಕೊಂಡಳು. ತತ್ಸಮವೆಂಬ ಹೆಸರನ್ನು ಮಾತ್ರ ಮುಂದಕ್ಕೆ ಇಟ್ಟುಕೊಂಡೆ.

ತದ್ಭವಕ್ಕೂ ಉದಾಹರಣೆ ಬೀದಿಯಲ್ಲಿಯೇ ಇದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಕಡಲೆಕಾಯಿ ಪರಿಷೆಯನ್ನು ಕಾಣದ ಮಗು ಈ ಕಡೆ ಇಲ್ಲ. ಆ ‘ಪರಿಷೆ’ಯೂ ಚಾಮರಾಜಪೇಟೆಯ ‘ಪರಿಷತ್ತು’ ಮೂಲದಲ್ಲಿ ಒಂದೇ ಶಬ್ದ. ಎರಡರ ಅರ್ಥವೂ ಜನ ಕೂಡುವುದು. ವಿದ್ವಾಂಸರು ಕೂಡಿದರೆ ಪರಿಷತ್ತು, ಕಡಲೆಕಾಯಿಗೆ ಕೂಡಿದರೆ ಪರಿಷೆ. ಹಾಗೆಯೇ ‘ಬಸವನಗುಡಿ’ಯಲ್ಲಿ ಷಷ್ಠೀ ವಿಭಕ್ತಿಯಿದೆ, ‘ಮಲ್ಲೇಶ್ವರ’ದಲ್ಲಿ ಗುಣಸಂಧಿಯಿದೆ. ಊರೇ ಪುಸ್ತಕವಾಗಿರುವಾಗ ಪಾಠಕ್ಕೆ ಬರವೆಲ್ಲಿ?

ಶಬ್ದಗಳನ್ನು ಮಗುವಿನ ಬದುಕಿನಿಂದಲೇ ಆಯಬೇಕೆಂಬುದು ಹೊಸ ಮಾತಲ್ಲ. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಕಲಿಸಿದ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬಾಕೆ ‘ಇಂದು ನಿನಗೆ ಯಾವ ಶಬ್ದ ಬೇಕು?’ ಎಂದು ಪ್ರತಿ ಮಗುವನ್ನೂ ಕೇಳಿ, ಅದನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ೧೯೬೩ರಲ್ಲಿ ಪ್ರಕಟವಾದ ‘ಟೀಚರ್’ ಎಂಬ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ನಮ್ಮಲ್ಲಿಯೇ ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ಆಮೇಲೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ ಕಲಿ’ ಪದ್ಧತಿ ಅಕ್ಷರಮಾಲೆಯ ಕ್ರಮವನ್ನೇ ಬದಲಿಸಿತು. ಅದು ಅ, ಆ, ಇ, ಈ ಎಂದು ಹೊರಡುವುದಿಲ್ಲ. ರ, ಗ, ಸ, ದ, ಅ ಎಂದು ಹೊರಡುತ್ತದೆ. ಐದೇ ಅಕ್ಷರ ಕಲಿತ ಮಗು ‘ಸರ’, ‘ದರ’, ‘ಅರಸ’, ‘ಅಗಸ’, ‘ಗರಗಸ’ ಎಂದು ಓದಬಲ್ಲದು. ಮುಂದೆ ಜ, ವ, ಮ, ಬ, ನ ಸೇರಿದರೆ ‘ಮರ’, ‘ಜನ’, ‘ದನ’, ‘ಗಜ’ಗಳೂ ಬಂದವು. ಐವತ್ತು ಅಕ್ಷರ ಮುಗಿಯುವವರೆಗೆ ಅರ್ಥಕ್ಕಾಗಿ ಕಾಯಬೇಕಾಗಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವೆಂದು ನಾನು ತಿಳಿದಿರುವ ವಿಷಯಕ್ಕೆ ಬರುತ್ತೇನೆ. ನನ್ನ ಪಾಠಕ್ಕೆ ಬರುವ ಹುಡುಗಿಯೊಬ್ಬಳು ರಾಯಚೂರಿನ ಕಡೆಯವಳು. ಮೊದಲ ಎರಡು ತಿಂಗಳು ತಲೆಯಾಡಿಸುವುದನ್ನು ಬಿಟ್ಟು ಅವಳಿಂದ ಬೇರೆ ಉತ್ತರವಿರಲಿಲ್ಲ. ‘ಬರಾಕತ್ತಾನ’ ಎಂದದ್ದಕ್ಕೆ ಎಲ್ಲಿಯೋ ಯಾರೋ ನಕ್ಕಿದ್ದರಂತೆ. ಅಂದಿನಿಂದ ಅವಳು ಮಾತನ್ನೇ ಬಿಟ್ಟಿದ್ದಳು. ನಾನು ಹಲಗೆಯ ಮೇಲೆ ಮೂರು ಸಾಲು ಬರೆದೆ. ಪುಸ್ತಕದ್ದು: ಬರುತ್ತಿದ್ದಾನೆ, ಬರುತ್ತಿದ್ದಾಳೆ, ಬರುತ್ತಿದ್ದಾರೆ. ನಮ್ಮ ಮನೆಯದು: ಬತ್ತಾವ್ನೆ, ಬತ್ತಾವ್ಳೆ, ಬತ್ತಾವ್ರೆ. ಅವಳದು: ಬರಾಕತ್ತಾನ, ಬರಾಕತ್ತಾಳ, ಬರಾಕತ್ತಾರ. ‘ಮೂರರಲ್ಲಿಯೂ ಒಂದೇ ಆಗಿರುವುದನ್ನು ಹುಡುಕಿ’ ಎಂದೆ. ನ, ಳ, ರ ಎಂಬ ಮೂರು ಅಕ್ಷರಗಳಿಗೆ ಗೆರೆ ಎಳೆದವಳು ಅವಳೇ. ಅವನು, ಅವಳು, ಅವರು ಎಂಬಲ್ಲಿಯೂ ಅದೇ ನ, ಳ, ರ ಇದೆಯೆಂದು ತೋರಿಸಿದವನು ‘ಅಕ್ಕ ಬಂತು’ ಎನ್ನುತ್ತಿದ್ದ ಹುಡುಗ. ಅಂದಿನಿಂದ ಅವನ ಅಕ್ಕ ‘ಬಂದಳು’.

ಪುಸ್ತಕದ ಕನ್ನಡ ಬೇಡವೆಂದು ನಾನು ಹೇಳುತ್ತಿಲ್ಲ. ಅರ್ಜಿ ಬರೆಯಲು, ಪತ್ರಿಕೆ ಓದಲು, ರಾಯಚೂರಿನವರೂ ಚಾಮರಾಜನಗರದವರೂ ಒಬ್ಬರನ್ನೊಬ್ಬರು ಅರಿಯಲು ಅದು ಬೇಕೇ ಬೇಕು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹತ್ತಿಸಿದ್ದು ಪುಸ್ತಕದ ಕನ್ನಡವೇ. ಆದರೆ ಅದನ್ನು ಕೊಡುವಾಗ ಮನೆಯ ಕನ್ನಡವನ್ನು ಕಿತ್ತುಕೊಳ್ಳಬೇಕಾಗಿಲ್ಲ. ‘ಇದು ತಪ್ಪು, ಅದು ಸರಿ’ ಎನ್ನುವ ಬದಲು ‘ಇದು ಮನೆಯಲ್ಲಿ, ಅದು ಬರವಣಿಗೆಯಲ್ಲಿ’ ಎಂದರೆ ಮಗುವಿಗೆ ಎರಡೂ ದಕ್ಕುತ್ತವೆ. ತಾಯಿಯ ಮಾತನ್ನು ತಪ್ಪೆಂದು ಕೇಳಿದ ಮಗು ಮೊದಲು ಬಾಯಿ ಮುಚ್ಚುತ್ತದೆ, ಆಮೇಲೆ ಪುಸ್ತಕ ಮುಚ್ಚುತ್ತದೆ, ಕೊನೆಗೆ ಶಾಲೆಯನ್ನೇ ಬಿಡುತ್ತದೆ.

ಶಿಕ್ಷಣ ಮಾಧ್ಯಮದ ವಾದ ನಮ್ಮ ನಾಡಿನಲ್ಲಿ ಬಹುಕಾಲದ್ದು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ತೀರ್ಪಿತ್ತಿತು. ಮರುವರ್ಷ, ಕನ್ನಡವನ್ನು ಒಂದು ಭಾಷೆಯಾಗಿಯಾದರೂ ಎಲ್ಲ ಶಾಲೆಗಳಲ್ಲಿ ಕಲಿಸಬೇಕೆಂದು ರಾಜ್ಯದಲ್ಲಿ ಕಾನೂನಾಯಿತು. ಕಾನೂನು ಕನ್ನಡವನ್ನು ವೇಳಾಪಟ್ಟಿಯೊಳಗೆ ತರಬಲ್ಲುದು. ಮಗುವಿನ ಬಾಯಿಗೆ ತರಲಾರದು. ಅದು ಪಾಠ ಹೇಳುವವರ ಕೆಲಸ. ನಮ್ಮ ತರಗತಿಯಿಂದ ಈ ವರ್ಷ ಹೊರಬೀಳುವವರಲ್ಲಿ ಹಲವರು ಬಿ.ಎಡ್. ಮಾಡುವ ಯೋಚನೆಯಲ್ಲಿದ್ದಾರೆ. ಆ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಕರಿಹಲಗೆಯ ಮೇಲೆ ವಿಭಕ್ತಿಯ ಪಟ್ಟಿಯನ್ನು ಬರೆಯುವ ಮುನ್ನ, ಎದುರಿಗೆ ಕುಳಿತ ಮಗುವನ್ನು ‘ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ?’ ಎಂದು ಒಂದು ಸಲ ಕೇಳಿರಿ. ಪಾಠ ಅಲ್ಲಿಂದ ತಾನಾಗಿಯೇ ಹೊರಡುತ್ತದೆ.