ನಿಮಗಿದು ಗೊತ್ತೇ? ಪೋರ್ಷೆಯ ಟರ್ಬೊ, ಪಿಕಪ್ಪಿನ ಟರ್ಬೊ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ರಸ್ತೆಗಳಲ್ಲಿ ಹಳೇ ಕಾಲದ ಟರ್ಬೊ ಸ್ಪೋರ್ಟ್ಸ್ ಕಾರು ಕಣ್ಣಿಗೆ ಬೀಳುವುದು ಅಪರೂಪ. ಆದರೆ ಮೆಕ್ಕೆಜೋಳದ ಚೀಲ ಹೇರಿಕೊಂಡು ಹೊರಟ ಬೊಲೆರೊ ಪಿಕಪ್ಪಿನಲ್ಲಿ, ಸಂಡೂರಿನ ಅದಿರು ಹೊರುವ ಟಿಪ್ಪರಿನಲ್ಲಿ ಇರುವುದೂ ಟರ್ಬೊ ಎಂಜಿನ್ನೇ. ಕೋಟಿ ಬೆಲೆಯ ಕಾರನ್ನು ಜೋಪಾನ ಮಾಡುವವರು ಪಾಲಿಸುವ ನಿಯಮಗಳು ಬಹುಪಾಲು ನಮ್ಮ ಗಾಡಿಗಳಿಗೂ ಸಲ್ಲುತ್ತವೆ.

★ ಸೈಲೆನ್ಸರಿನಿಂದ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಗಾಳಿ ಒತ್ತುವುದು: ಟರ್ಬೊ ಎಂದರೆ ಇಷ್ಟೇ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದರು.

★ ಟರ್ಬೊ ಅಳವಡಿಸಿ ಮಾರಿದ ಮೊದಲ ಕಾರುಗಳಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಒಂದು. 1962ರಲ್ಲಿ ಬಂದ ಈ ಕಾರಿಗೆ ಪೆಟ್ರೋಲ್ ಹಾಕಿದರೆ ಸಾಲುತ್ತಿರಲಿಲ್ಲ. ಎಂಜಿನ್ ಬಡಿದುಕೊಳ್ಳದಂತೆ ತಡೆಯಲು ಬಟ್ಟಿಯಿಳಿಸಿದ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೊಂದು ಡಬ್ಬಿಗೆ ತುಂಬಿಸಬೇಕಿತ್ತು. ಡಬ್ಬಿ ಬರಿದಾದರೆ ಕಾರು ತಾನಾಗಿಯೇ ಟರ್ಬೊ ಒತ್ತಡ ತಗ್ಗಿಸಿಕೊಳ್ಳುತ್ತಿತ್ತು. ಎಷ್ಟೋ ಮಾಲೀಕರು ತುಂಬಿಸುವುದನ್ನೇ ಮರೆತರು, ‘ಕಾರಿಗೆ ಶಕ್ತಿಯಿಲ್ಲ’ ಎಂದು ದೂರಿದರು. ಕೊನೆಗೆ ಕಂಪನಿಯೇ ಟರ್ಬೊ ಕಳಚಿ ಸಾಮಾನ್ಯ ಕಾರ್ಬ್ಯುರೇಟರ್ ಕೂರಿಸಿಕೊಡಲು ಮುಂದಾಯಿತು. ತಯಾರಾದದ್ದು ಸುಮಾರು 9,600 ಕಾರು. ಅವುಗಳಲ್ಲಿ ಮೂಲ ಟರ್ಬೊ ಉಳಿಸಿಕೊಂಡವುಗಳಿಗಾಗಿ ಸಂಗ್ರಾಹಕರು ಈಗ ಹುಡುಕಾಡುತ್ತಾರೆ. ದೋಷ ಯಂತ್ರದ್ದಕ್ಕಿಂತ ಆರೈಕೆಯದೇ ಹೆಚ್ಚಾಗಿತ್ತು.

★ 1973ರ ಬಿಎಂಡಬ್ಲ್ಯು 2002 ಟರ್ಬೊ ಕಾರಿನ ಮುಂಭಾಗದಲ್ಲಿ ಹೆಸರನ್ನು ತಿರುವುಮುರುವಾಗಿ ಬರೆದಿದ್ದರು. ಮುಂದಿನ ಗಾಡಿಯವನು ಕನ್ನಡಿಯಲ್ಲಿ ನೋಡಿದಾಗ ಸರಿಯಾಗಿ ಓದಿಕೊಳ್ಳಲಿ, ದಾರಿ ಬಿಡಲಿ ಎಂದು! ತೈಲ ಬಿಕ್ಕಟ್ಟಿನ ಹೊತ್ತಿಗೆ ಬಂದ ಈ ಕಾರು 1,672 ಮಾತ್ರ ತಯಾರಾಯಿತು.

★ 1975ರ ಪೋರ್ಷೆ 911 ಟರ್ಬೊದ ಶಕ್ತಿ 260 ಅಶ್ವಶಕ್ತಿ. 1978ರಲ್ಲಿ ಎಂಜಿನ್ ದೊಡ್ಡದು ಮಾಡಿ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಸೇರಿಸಿದ ಮೇಲೆ ಅದು 300ಕ್ಕೆ ಏರಿತು. ಈ ಕಾರಿನ ಆಯಿಲ್ ಮಟ್ಟವನ್ನು ಎಂಜಿನ್ ಬಿಸಿಯಾಗಿ, ಕಾರು ನಿಂತಲ್ಲೇ ಸ್ಲೋದಲ್ಲಿ (ಐಡ್ಲಿಂಗ್) ಓಡುತ್ತಿರುವಾಗಲೇ ನೋಡಬೇಕು. ತಣ್ಣಗಿರುವಾಗ ಕಡ್ಡಿ ಎತ್ತಿ ನೋಡಿ ಕಡಿಮೆಯಿದೆ ಎಂದು ಸುರಿದರೆ ಹೆಚ್ಚಾಗಿ ಬಿಡುತ್ತದೆ. ಇದೊಂದನ್ನು ಮಾತ್ರ ಪಿಕಪ್ಪಿಗೆ ಅನ್ವಯಿಸಬೇಡಿ. ಅದರ ಆಯಿಲನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟೇ ನೋಡಬೇಕು.

★ ಟರ್ಬೊದ ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟಬಲ್ಲದು. ಸಾಮಾನ್ಯ ಟರ್ಬೊದಲ್ಲಿ ಅದನ್ನು ಹಿಡಿದಿರುವುದು ಬೇರಿಂಗಿನೊಳಗಿನ ತೆಳುವಾದ ಆಯಿಲ್ ಪದರ. ಆಯಿಲ್ ಕ್ಷಣಕಾಲ ತಪ್ಪಿದರೂ ಲೋಹಕ್ಕೆ ಲೋಹ ತಾಗುತ್ತದೆ.

★ ದೂರದಿಂದ ಭಾರ ಹೇರಿಕೊಂಡು ಬಂದವರು ಗಾಡಿ ನಿಲ್ಲಿಸಿದ ಕೂಡಲೇ ಚಾವಿ ತಿರುಗಿಸಬಾರದು. ಎಂಜಿನ್ ನಿಂತರೆ ಆಯಿಲ್ ಪಂಪೂ ನಿಲ್ಲುತ್ತದೆ, ಟರ್ಬೊ ಮಾತ್ರ ಕಾದೇ ಇರುತ್ತದೆ. ಒಳಗೆ ಉಳಿದ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ, ಆ ಕರಿಯು ಆಯಿಲ್ ಹರಿಯುವ ದಾರಿಯನ್ನೇ ಮುಚ್ಚುತ್ತದೆ. ಒಂದೆರಡು ನಿಮಿಷ ಸ್ಲೋದಲ್ಲಿ ಓಡಲು ಬಿಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

★ ಹೊಗೆ ಸುಳಿವು ಕೊಡುತ್ತದೆ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಡೀಸೆಲ್ ಗಾಡಿ ದಟ್ಟ ಕಪ್ಪು ಹೊಗೆ ಬಿಟ್ಟು, ‘ಏರಿನಲ್ಲಿ ಎಳೀವಲ್ದು’ ಅನಿಸಿದರೆ ಗಾಳಿ ಸಾಲುತ್ತಿಲ್ಲ. ಟರ್ಬೊ ಬಿಚ್ಚುವ ಮೊದಲು ಇಂಟರ್‌ಕೂಲರಿನ ರಬ್ಬರ್ ಹೋಸುಗಳ ಮೇಲೆ ಕೈಯಾಡಿಸಿ. ಕ್ಲಿಪ್ ಸಡಿಲಾದ, ಹೋಸ್ ಸೀಳಿದ ಕಡೆ ಎಣ್ಣೆ ಜಿಡ್ಡು ಮತ್ತು ಧೂಳು ಮೆತ್ತಿಕೊಂಡಿರುತ್ತದೆ.

★ ಟರ್ಬೊದಿಂದ ಆಯಿಲ್ ಕೆಳಗಿಳಿದು ಎಂಜಿನ್ನಿಗೆ ಮರಳುವುದು ತನ್ನ ಭಾರದಿಂದಲೇ. ಸಾಮಾನ್ಯವಾಗಿ ಅಲ್ಲಿ ಪಂಪಿರುವುದಿಲ್ಲ. ಆ ರಿಟರ್ನ್ ಪೈಪು ಕಟ್ಟಿಕೊಂಡರೆ, ಮಡಿಚಿಕೊಂಡರೆ, ಗ್ಯಾಸ್ಕೆಟ್ ಅಂಟು ಒಳಗೆ ಉಬ್ಬಿ ಬಾಯಿ ಮುಚ್ಚಿದರೆ ಆಯಿಲ್ ಹಿಂದಕ್ಕೆ ತುಂಬಿ ಸೀಲ್ ದಾಟಿ ಸೋರುತ್ತದೆ. ಆಗ ಎಲ್ಲರೂ ಟರ್ಬೊ ಹೋಯಿತೆನ್ನುತ್ತಾರೆ. ಹೊಸದು ಹಾಕಿದರೂ ಅದೇ ಸೋರಿಕೆ. ಇಂಥ ದುಬಾರಿ ತಪ್ಪು ಬಡ ಚಾಲಕನ ಮೇಲೆ ಬೀಳುವುದು ಸಂಕಟದ ಸಂಗತಿ.

★ ಹೊಸ ಟರ್ಬೊ ಕೂರಿಸಿದಾಗ ಅದರ ಆಯಿಲ್ ರಂಧ್ರಕ್ಕೆ ಮೊದಲೇ ಶುದ್ಧ ಆಯಿಲ್ ಬಿಟ್ಟು, ಶಾಫ್ಟನ್ನು ಬೆರಳಿನಿಂದ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಬೇಕು. ಒಣಗಿದ್ದಾಗಲೇ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದರೆ ಹೊಸದೂ ಹಾಳಾದೀತು.

★ ಬೇಸಿಗೆಯ ಕೆಂಪು ಧೂಳು ಏರ್ ಫಿಲ್ಟರ್ ದಾಟಿದರೆ ಟರ್ಬೊದ ಗಾಳಿಚಕ್ರದ ಅಲಗನ್ನು ಸವೆಸುತ್ತದೆ. ‘ಪಿಕಪ್ ಬರಲಿ’ ಎಂದು ಫಿಲ್ಟರ್ ತೆಗೆದು ಓಡಿಸುವುದು ಎಂಜಿನ್ನಿಗೆ ಕೈಯಾರೆ ಮರಳು ತಿನ್ನಿಸಿದಂತೆ.

★ ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ, ಅದರಲ್ಲಿ ಮೆಕ್ಕೆಜೋಳದಿಂದ ತೆಗೆದದ್ದೂ ಉಂಟು. ನಮ್ಮ ಹೊಲದ ಬೆಳೆಯ ಜಾತಿಯೇ ಟ್ಯಾಂಕಿಗೆ ಇಳಿಯುತ್ತಿದೆ! ಹಳೆಯ ಕಾರುಗಳ ರಬ್ಬರ್ ಪೈಪು, ಸೀಲುಗಳು ಇದಕ್ಕೆ ತಯಾರಾದವಲ್ಲ. 2004ರಲ್ಲಿ ಭಾರತಕ್ಕೆ ಬಂದ 1.8 ಲೀಟರ್ ಟರ್ಬೊ ಪೆಟ್ರೋಲಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇಟ್ಟುಕೊಂಡವರು ಇಂಧನದ ಹೋಸುಗಳನ್ನು ಆಗಾಗ ಪರೀಕ್ಷಿಸಿಕೊಳ್ಳುವುದು ಕ್ಷೇಮ.

★ ಹುಬ್ಬಳ್ಳಿ ಡೀಸೆಲ್ ಶೆಡ್ಡಿನಲ್ಲಿ ನೋಡಿಕೊಳ್ಳುವ ಡಬ್ಲ್ಯುಡಿಜಿ-4 ರೈಲು ಎಂಜಿನ್ನಿಗೂ ಟರ್ಬೊ ಉಂಟು. 16 ಸಿಲಿಂಡರಿನ ಅದರಲ್ಲಿ ಹೊಗೆಯ ರಭಸ ಸಾಲದಿದ್ದಾಗ ಗೇರುಗಳೇ ಟರ್ಬೊವನ್ನು ತಿರುಗಿಸುತ್ತವೆ. ರಭಸ ಬಂದ ಮೇಲೆ ಕ್ಲಚ್ಚು ಬಿಟ್ಟುಕೊಟ್ಟು ಹೊಗೆಯೇ ಕೆಲಸ ವಹಿಸಿಕೊಳ್ಳುತ್ತದೆ.

ಇನ್ನು ಮುಂದೆ ಗ್ಯಾರೇಜಿನಲ್ಲಿ ‘ಟರ್ಬೊ ಬದಲಿಸಬೇಕು’ ಎಂದರೆ ದುಡ್ಡು ಎಣಿಸುವ ಮೊದಲು ರಿಟರ್ನ್ ಪೈಪು, ಹೋಸು, ಏರ್ ಫಿಲ್ಟರ್ ಮೂರನ್ನೂ ಬಿಚ್ಚಿಸಿ ನಿಮ್ಮ ಕಣ್ಣಾರೆ ನೋಡಿ.