ಖಾಲಿ ತಿಂಗಳಿಗೆ ಬಂದ ದೆವ್ವಗಳು

ಭಾದ್ರಪದದ ಬಹುಳ ಪಕ್ಷ ಬಂತೆಂದರೆ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸೀಮೆಯ ಹಳ್ಳಿಗಳಲ್ಲಿ ಸತ್ತವರು ಮನೆಗೆ ಬರುವ ಕಾಲ. ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಹಿರಿಯರ ಹೆಸರಿಗೆ ಎಡೆ ಇಡುತ್ತಾರೆ. ಹೊಸ ಪಂಚೆ, ಹೊಸ ಸೀರೆ, ಹೋದವರು ಇಷ್ಟಪಟ್ಟು ತಿನ್ನುತ್ತಿದ್ದ ತಿಂಡಿ, ಮಾಂಸ ತಿನ್ನುವ ಮನೆಯಾದರೆ ಬಾಡೂಟ, ತಾತ ಬೀಡಿ ಸೇದುತ್ತಿದ್ದರೆ ಒಂದು ಕಟ್ಟು ಬೀಡಿ, ಎಲ್ಲವೂ ಎಡೆಯಲ್ಲಿರುತ್ತವೆ. ಕೆಲವು ಮನೆಗಳಲ್ಲಿ ಎಡೆ ಇಟ್ಟು, ಬಾಗಿಲು ಮುಂದಕ್ಕೆಳೆದು, ಅವರು ಉಣ್ಣಲಿ ಎಂದು ಎಲ್ಲರೂ ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂರುತ್ತಾರೆ. ಆಗ ಯಾರಿಗೂ ಭಯವಿರುವುದಿಲ್ಲ. ಬಂದವರು ನಮ್ಮವರೇ ತಾನೆ.

ಅಮಾವಾಸ್ಯೆಯ ಮರುದಿನವೇ ನವರಾತ್ರಿ, ಅದರ ಬೆನ್ನಿಗೆ ದಸರಾ ರಜೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಈ ಕಡೆಯ ಮಕ್ಕಳು ಗಂಡ ಹೆಂಡತಿ ಸೇರಿ ಪ್ರವಾಸ ಹೊರಡುವುದು ಈ ರಜೆಯಲ್ಲೇ. ಊಟಿ, ಗೋವಾ ಮುಗಿದವರಿಗೆ ಈಗ ಜಪಾನೂ ಕೈಗೆಟುಕುವ ಊರು. ಕೊರಟಗೆರೆ, ದಾಬಸ್‌ಪೇಟೆ, ದೊಡ್ಡಬಳ್ಳಾಪುರ ದಾಟಿದರೆ ದೇವನಹಳ್ಳಿ. ಅಲ್ಲಿಂದ ನರಿತಾಕ್ಕೆ ನೇರ ವಿಮಾನ. ಜಪಾನಿನ ಹೆಸರು ಈ ಸೀಮೆಗೆ ಅಪರಿಚಿತವೂ ಅಲ್ಲ. ಪಕ್ಕದ ವಸಂತನರಸಾಪುರದಲ್ಲಿ ಜಪಾನಿ ಕೈಗಾರಿಕಾ ಪಟ್ಟಣಕ್ಕೆಂದೇ ಜಾಗ ಗುರುತಿಸಿದ್ದಾರೆ. ಹಾಗೆ ಅಕ್ಟೋಬರಿನಲ್ಲಿ ನರಿತಾದಲ್ಲಿ ಇಳಿದು ಡಿಸ್ನಿಲ್ಯಾಂಡ್ ಕಡೆ ಹೊರಟ ದಂಪತಿಗೆ ಮೊದಲು ಎದುರಾಗುವುದು ಕಿತ್ತಳೆ ಬಣ್ಣದ ಕುಂಬಳಕಾಯಿಗಳು, ನಗುವ ಅಸ್ಥಿಪಂಜರಗಳು, ಒಂದೇ ಬಗೆಯ ವೇಷ ತೊಟ್ಟ ಜೋಡಿಗಳು. ಅದು ಹ್ಯಾಲೋವೀನ್. ಜಪಾನಿನ ದೇವರಿಗೂ ಹಿರಿಯರಿಗೂ ಬೆಳೆಗೂ ಸಂಬಂಧವಿಲ್ಲದ ಈ ಹಬ್ಬ ಅಲ್ಲಿನ ಶರತ್ಕಾಲದ ದೊಡ್ಡ ಸಡಗರವಾಗಿ ಬೆಳೆದದ್ದು ಹೇಗೆ?

ಹಬ್ಬದ ಬೇರು ಐರ್ಲೆಂಡಿನದು. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ರಾತ್ರಿ ಸತ್ತವರು ಅಲೆಯುತ್ತಾರೆಂದು ಕೆಲ್ಟಿಕ್ ಜನ ನಂಬಿದ್ದರು. ಕ್ರೈಸ್ತರು ನವೆಂಬರ್ 1ನ್ನು ಸಂತರ ದಿನವಾಗಿಸಿಕೊಂಡ ಮೇಲೆ ಅದರ ಹಿಂದಿನ ರಾತ್ರಿ ಹ್ಯಾಲೋವೀನ್ ಆಯಿತು. ಐರ್ಲೆಂಡಿನವರು ಮೂಲಂಗಿಯ ಜಾತಿಯ ಗಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದರು. 1840ರ ದಶಕದ ಬರಗಾಲದಲ್ಲಿ ಲಕ್ಷಾಂತರ ಮಂದಿ ಅಮೆರಿಕಕ್ಕೆ ಗುಳೆ ಹೋದರು. ಅಲ್ಲಿ ಸಿಕ್ಕ ಕುಂಬಳ ದೊಡ್ಡದು, ಕೊರೆಯಲು ಸುಲಭ. ಮಕ್ಕಳು ವೇಷ ಕಟ್ಟಿ ಮನೆಮನೆಯ ಬಾಗಿಲು ತಟ್ಟಿ ಮಿಠಾಯಿ ಕೇಳುವುದು, ಕೊಡದಿದ್ದರೆ ಕೀಟಲೆ ಮಾಡುವುದು ಅಲ್ಲಿ ಬೆಳೆದ ಪದ್ಧತಿ. ಕಾಮನ ಹುಣ್ಣಿಮೆಗೆ ಸೌದೆ, ಬೆರಣಿ ಕೇಳಿಕೊಂಡು ಬೀದಿ ಸುತ್ತುವ, ಕೊಡದವರ ಹಿತ್ತಲಿನಿಂದ ಕದ್ದೊಯ್ಯುವ ನಮ್ಮ ಹುಡುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಬಾಗಿಲು ತಟ್ಟುವ ಪದ್ಧತಿ ಮಾತ್ರ ಜಪಾನಿನಲ್ಲಿ ನಿಲ್ಲಲಿಲ್ಲ. ಗುರುತಿಲ್ಲದವರ ಮನೆಯ ಬಾಗಿಲಿಗೆ ಹೋಗಿ ತಿಂಡಿ ಕೇಳುವುದು ಅಲ್ಲಿನ ಸಂಕೋಚಕ್ಕೆ ಒಗ್ಗಲಿಲ್ಲ. ಹಾಗಾಗಿ ಹಬ್ಬ ಮಕ್ಕಳ ಕೈಯಿಂದ ದೊಡ್ಡವರ ಕೈಗೆ ಬಂತು, ಕೇರಿಯಿಂದ ಟಿಕೆಟ್ಟಿನ ಆವರಣದೊಳಕ್ಕೆ ಹೋಯಿತು. ನನ್ನ ಮಟ್ಟಿಗೆ ಜಪಾನಿನ ಹ್ಯಾಲೋವೀನಿನ ಕಥೆಯೆಲ್ಲ ಹುಟ್ಟುವುದು ಈ ಒಂದು ಬದಲಾವಣೆಯಿಂದ.

ಅಲ್ಲಿ ದೆವ್ವಗಳಿಗೆ ಬರವಿತ್ತು ಎಂದಲ್ಲ. ಅವುಗಳ ಕಾಲ ಬೇರೆ ಇತ್ತು, ಅಷ್ಟೇ. ಬೇಸಿಗೆಯ ನಡುವೆ, ಹೆಚ್ಚಿನ ಊರುಗಳಲ್ಲಿ ಆಗಸ್ಟ್ ಮಧ್ಯದಲ್ಲಿ, ಒಬೊನ್ ಬರುತ್ತದೆ. ಬುದ್ಧನ ಶಿಷ್ಯ ಮೌದ್ಗಲ್ಯಾಯನ ಪ್ರೇತಲೋಕದಲ್ಲಿ ಹಸಿದಿದ್ದ ತಾಯಿಯನ್ನು ಕಂಡು, ಭಿಕ್ಷುಗಳಿಗೆ ಊಟವಿಟ್ಟು ಅವಳನ್ನು ಬಿಡಿಸಿದ ಕಥೆ ಈ ಹಬ್ಬದ ಹಿಂದಿದೆ. ಮನೆಗೆ ಬರುವ ಹಿರಿಯರಿಗೆ ದಾರಿ ತೋರಲು ದೀಪ ಹಚ್ಚುತ್ತಾರೆ, ಉಣ್ಣಲು ಇಡುತ್ತಾರೆ, ಮೂರು ನಾಲ್ಕು ದಿನ ಕಳೆದ ಮೇಲೆ ದೀಪದೊಂದಿಗೇ ಬೀಳ್ಕೊಡುತ್ತಾರೆ. ಕೊರಟಗೆರೆಯ ಅಜ್ಜಿಯೊಬ್ಬರು ಅದನ್ನು ನೋಡಿದರೆ ಒಂದು ಪ್ರಶ್ನೆಯನ್ನೂ ಕೇಳದೆ ಪಕ್ಕದಲ್ಲಿ ಕೂತುಬಿಡುತ್ತಾರೆ.

ಹಿರಿಯರು ಬರುವ ಕಾಲವೆಂದರೆ ಅತೃಪ್ತ ಆತ್ಮಗಳೂ ಬರುವ ಕಾಲ. ಹಾಗಾಗಿ ಜಪಾನಿನಲ್ಲಿ ದೆವ್ವದ ಕಥೆ ಹೇಳುವುದು ಬೇಸಿಗೆಯಲ್ಲಿ. ಮೈ ಜುಂ ಎಂದರೆ ಸೆಖೆ ತಗ್ಗುತ್ತದೆ ಎಂಬ ಮಾತೂ ಅಲ್ಲಿದೆ. ಕಬುಕಿ ರಂಗಭೂಮಿಯ ಅತಿ ಪ್ರಸಿದ್ಧ ದೆವ್ವದ ನಾಟಕ ‘ಯೋತ್ಸುಯಾ ಕೈದಾನ್’ 1825ರ ಬೇಸಿಗೆಯಲ್ಲಿ ಮೊದಲ ಪ್ರಯೋಗ ಕಂಡಿತು. ಬರೆದವನು ನಾಲ್ಕನೆಯ ತ್ಸುರುಯಾ ನಾನ್‌ಬೊಕು. ಅದು ಗಂಡ ಹೆಂಡತಿಯ ಕಥೆ. ಇಎಮೊನ್ ಎಂಬ ಕೆಲಸವಿಲ್ಲದ ಸಮುರಾಯ್ ಅನುಕೂಲಸ್ಥರ ಮಗಳ ಆಸೆಗೆ ಬಿದ್ದು ಹೆಂಡತಿ ಓಇವಾಳನ್ನು ಕೈಬಿಡುತ್ತಾನೆ. ಔಷಧಿಯೆಂದು ನಂಬಿಸಿ ಕೊಟ್ಟ ವಿಷಕ್ಕೆ ಅವಳ ಮುಖ ವಿಕಾರವಾಗುತ್ತದೆ, ತಲೆಗೂದಲು ಬಾಚಣಿಗೆಗೆ ಕಿತ್ತು ಬರುತ್ತದೆ. ಸತ್ತ ಮೇಲೆ ಅವಳು ಲಾಂದ್ರದೊಳಗಿಂದಲೇ ಹೊರಬಂದು ಗಂಡನನ್ನು ಬೆನ್ನಟ್ಟುತ್ತಾಳೆ. ಈ ನಾಟಕ ಆಡುವ ಮುನ್ನ ನಟರು ಟೋಕಿಯೊದ ಯೋತ್ಸುಯಾದಲ್ಲಿ ಓಇವಾಳ ಗುಡಿಗೆ ಹೋಗಿ ಕೈಮುಗಿದು ಬರುವುದು ರೂಢಿ. ತುಮಕೂರು ಸೀಮೆಯ ಸೋಮನ ಕುಣಿತದವರೂ ಹಾಗೆಯೇ: ಆ ಬೃಹತ್ ಮುಖವಾಡಕ್ಕೆ ಪೂಜೆ ಸಲ್ಲಿಸದೆ ಅದನ್ನು ತಲೆಯ ಮೇಲೆ ಹೊರುವುದಿಲ್ಲ. ಹೆದರಿಸುವ ಮುಖದ ಹಿಂದೆ ಗೌರವ ಪಡೆಯಬೇಕಾದ ಯಾರೋ ಇದ್ದಾರೆ ಎಂಬ ತಿಳಿವಳಿಕೆ ಎರಡೂ ಕಡೆ ಇದೆ.

ಹ್ಯಾಲೋವೀನಿನ ದೆವ್ವಗಳಿಗೆ ಇಂಥ ಋಣವೇನೂ ಇರಲಿಲ್ಲ. ಅವಕ್ಕೆ ಬೇಕಾದದ್ದು ಒಂದು ಜಾಗ. ಆ ಜಾಗ ಎದ್ದದ್ದು ಮೀನುಗಾರರ ಕಡಲಿನ ಮೇಲೆ.

ಟೋಕಿಯೊ ಕೊಲ್ಲಿಯ ಅಂಚಿನ ಉರಾಯಾಸು ಚಿಪ್ಪುಮೀನು ಹೆಕ್ಕಿ, ಕಡಲಪಾಚಿ ಬೆಳೆದು ಬದುಕುತ್ತಿದ್ದ ಊರು. 1958ರಲ್ಲಿ ಮೇಲ್ಭಾಗದ ಕಾಗದ ಕಾರ್ಖಾನೆಯೊಂದರ ಕೊಳಕು ನೀರು ನದಿಗೆ ಸೇರಿ ಮೀನು, ಚಿಪ್ಪು ಸತ್ತವು. ಮೀನುಗಾರರು ಕಾರ್ಖಾನೆಗೆ ನುಗ್ಗಿದರು, ಪೊಲೀಸರೊಂದಿಗೆ ಘರ್ಷಣೆಯಾಯಿತು. ಜಪಾನಿನ ಜಲಮಾಲಿನ್ಯ ಕಾನೂನುಗಳ ಮೊದಲ ಹೆಜ್ಜೆಗೆ ಕಾರಣವಾದ ಘಟನೆ ಅದು. ಆದರೆ ಕಡಲು ಮೊದಲಿನಂತಾಗಲಿಲ್ಲ. 1962ರಲ್ಲಿ ಊರಿನವರು ಮೀನುಗಾರಿಕೆಯ ಹಕ್ಕಿನ ಒಂದು ಭಾಗವನ್ನೂ 1971ರಲ್ಲಿ ಉಳಿದದ್ದನ್ನೂ ಬಿಟ್ಟುಕೊಟ್ಟರು. ಕೊಲ್ಲಿಗೆ ಮಣ್ಣು ತುಂಬಿದರು. 1960ರಲ್ಲೇ ಹುಟ್ಟಿದ್ದ ಓರಿಯೆಂಟಲ್ ಲ್ಯಾಂಡ್ ಕಂಪನಿ 1979ರಲ್ಲಿ ಡಿಸ್ನಿಯೊಂದಿಗೆ ಒಪ್ಪಂದ ಮಾಡಿಕೊಂಡು, 1983ರ ಏಪ್ರಿಲ್ 15ರಂದು ಟೋಕಿಯೊ ಡಿಸ್ನಿಲ್ಯಾಂಡ್ ತೆರೆಯಿತು. ಅಮೆರಿಕದ ಹೊರಗಿನ ಮೊದಲ ಡಿಸ್ನಿ ಪಾರ್ಕ್ ಅದು. ಅದರ ಒಡೆತನ ಇಂದಿಗೂ ಜಪಾನಿ ಕಂಪನಿಯದೇ. ಡಿಸ್ನಿಗೆ ಸಲ್ಲುವುದು ಹೆಸರು ಬಳಸಿದ್ದಕ್ಕೆ ಶುಲ್ಕ. ತುಂಬಿದ ನೆಲ ಎಂಬುದು 2011ರ ಮಾರ್ಚ್ 11ರ ಭೂಕಂಪದಲ್ಲಿ ಮತ್ತೆ ನೆನಪಾಯಿತು. ಉರಾಯಾಸುವಿನ ಮಣ್ಣು ಕೆಸರಾಗಿ ಉಕ್ಕಿತು, ಪಾರ್ಕಿನ ವಾಹನ ನಿಲ್ದಾಣದಲ್ಲೂ ಹಾಗಾಯಿತು, ಒಂದು ತಿಂಗಳಿಗೂ ಹೆಚ್ಚು ಕಾಲ ಬಾಗಿಲು ಮುಚ್ಚಿತ್ತು. ಮೋಜಿನ ಜಾಗಗಳ ಬುಡದಲ್ಲಿ ಯಾರ ಅನ್ನದ ಬಟ್ಟಲಿತ್ತು ಎಂದು ಕೇಳಿಕೊಳ್ಳುವ ಅಭ್ಯಾಸ ನಮಗಿರಬೇಕು. ಪಾವಗಡದ ತಿರುಮಣಿ ಸುತ್ತ ಹೊಲಗಳ ಮೇಲೆ ಸೌರ ಫಲಕಗಳು ಹಾಸಿಕೊಂಡದ್ದನ್ನು ಕಂಡವರಿಗೆ ಉರಾಯಾಸುವಿನ ಕಥೆ ದೂರದ್ದೆನಿಸದು.

ಇನ್ನು ಕಾಲದ ಲೆಕ್ಕ. ಜಪಾನಿನಲ್ಲಿ ಶಾಲೆಗಳ ಬೇಸಿಗೆ ರಜೆ ಆಗಸ್ಟ್ ಕೊನೆಗೆ ಮುಗಿಯುತ್ತದೆ. ಕ್ರಿಸ್‌ಮಸ್ ದೀಪಗಳಿಗೆ ಇನ್ನೂ ಎರಡು ತಿಂಗಳಿರುತ್ತದೆ. ಪಾರ್ಕುಗಳ ಮಟ್ಟಿಗೆ ಅದು ಖಾಲಿ ಕಾಲ. ಖಾಲಿ ಅಕ್ಟೋಬರನ್ನು ದೆವ್ವಗಳಿಂದ ತುಂಬಬಹುದು ಎಂದು ಮೊದಲು ದಾರಿ ತೋರಿದ್ದು ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್, 1973ರಲ್ಲಿ. ಟೋಕಿಯೊ ಡಿಸ್ನಿಲ್ಯಾಂಡ್ ಹ್ಯಾಲೋವೀನ್ ಶುರುಮಾಡಿದ್ದು 1997ರಲ್ಲಿ. ಅದೇ ವರ್ಷ ಪಕ್ಕದ ಕವಾಸಾಕಿ ನಗರದಲ್ಲೂ ವೇಷಧಾರಿಗಳ ಮೆರವಣಿಗೆ ಆರಂಭವಾಯಿತು. ಡಿಸ್ನಿಲ್ಯಾಂಡಿನ ಒಂದು ದಿನದ ಆಟ ವಾರಗಳಿಗೆ ಹಿಗ್ಗಿ, ಈಗ ಸೆಪ್ಟೆಂಬರಿನಲ್ಲೇ ಕುಂಬಳಗಳು ಬಂದು ಕೂರುತ್ತವೆ. ಪಾರ್ಕ್ ತೆರೆದಂದಿನಿಂದಲೂ ಇದ್ದ ದೆವ್ವದ ಬಂಗಲೆಗೆ 2004ರಿಂದ ಶರತ್ಕಾಲದಲ್ಲಿ ಬೇರೆ ಅಲಂಕಾರ; ಹ್ಯಾಲೋವೀನೂ ಕ್ರಿಸ್‌ಮಸ್ಸೂ ಅಲ್ಲಿ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತವೆ.

ಗಂಡ ಹೆಂಡತಿ ಈ ಕಥೆಯೊಳಗೆ ಬರುವುದು ಪಾರ್ಕಿನ ಒಂದು ನಿಯಮದ ಮೂಲಕ. ವರ್ಷದ ಉಳಿದ ದಿನಗಳಲ್ಲಿ ದೊಡ್ಡವರು ಪೂರ್ತಿ ವೇಷ ತೊಟ್ಟು ಒಳಗೆ ಹೋಗುವಂತಿಲ್ಲ. ಆ ಅನುಮತಿ ಸಿಗುವುದು ಹ್ಯಾಲೋವೀನ್ ಕಾಲದಲ್ಲಿ, ಅದೂ ಡಿಸ್ನಿ ಪಾತ್ರಗಳ ವೇಷಕ್ಕೆ ಮಾತ್ರ. ಆಫೀಸಿನ ಕಪ್ಪು ಕೋಟಿನಲ್ಲಿ ವರ್ಷವಿಡೀ ಬಂಧಿಯಾದವರಿಗೆ ಇದು ದೊಡ್ಡ ಬಿಡುಗಡೆ. ಜೋಡಿಗಳು ತಿಂಗಳುಗಟ್ಟಲೆ ಕೂತು ಒಂದೇ ಬಣ್ಣದ ಬಟ್ಟೆ ಹೊಲಿದುಕೊಂಡು ಬರುತ್ತಾರೆ. ಬೀದಿಯಲ್ಲಿ ಕೈ ಹಿಡಿದು ನಡೆಯಲು ಹಿಂಜರಿಯುವ ಸಮಾಜಕ್ಕೆ ಬೇಲಿಯೊಳಗಿನ ಈ ಸಲಿಗೆ ಎಷ್ಟು ಮುಖ್ಯ ಎಂಬುದು ನಮಗೆ ಅರ್ಥವಾಗುತ್ತದೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಹೊಸದಾಗಿ ಮದುವೆಯಾದವರು ಅತ್ತೆಮಾವನ ಎದುರು ಮಾರು ದೂರ ನಡೆಯುತ್ತಾರೆ. ಜೈಂಟ್ ವೀಲ್ ಮೇಲೇರಿ ಹೆಂಡತಿ ಹೆದರಿ ಗಂಡನ ತೋಳು ಹಿಡಿದರೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ. ಮಧುಗಿರಿ ಬೆಟ್ಟದ ಕಡಿದಾದ ಬಂಡೆಯಲ್ಲೂ ಅಷ್ಟೇ: ಕಾಲು ನಡುಗುವ ಜಾಗದಲ್ಲಿ ಕೈ ಚಾಚಿದರೆ ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.

ಭಯದ ನೆಪದಲ್ಲಿ ಸಿಗುವ ಈ ಸಲಿಗೆಯನ್ನು ಸರಿಯಾಗಿ ಓದಿಕೊಂಡದ್ದು ಒಸಾಕಾದ ಯೂನಿವರ್ಸಲ್ ಸ್ಟುಡಿಯೋಸ್ ಜಪಾನ್. 2001ರ ಮಾರ್ಚ್ 31ರಂದು ತೆರೆದ ಈ ಪಾರ್ಕ್ ಮೊದಲ ವರ್ಷದ ಭರಾಟೆಯ ನಂತರ ಸೊರಗಿತ್ತು. 2010ರಲ್ಲಿ ಮಾರುಕಟ್ಟೆ ವಿಭಾಗಕ್ಕೆ ಬಂದ ತ್ಸುಯೋಶಿ ಮೊರಿಯೋಕಾ ಮುಂದೆ ಎರಡು ಕೆಲಸಗಳಿದ್ದವು. ಸುಮಾರು 4,500 ಕೋಟಿ ಯೆನ್ ಖರ್ಚಿನ ಹ್ಯಾರಿ ಪಾಟರ್ ಲೋಕವನ್ನು ಕಟ್ಟಬೇಕು, ಅದು ಮುಗಿಯುವ 2014ರವರೆಗೆ ಹೆಚ್ಚು ಹಣ ಸುರಿಯದೆ ಜನರನ್ನು ಕರೆತರಬೇಕು. ಹೊಸ ಯಂತ್ರಗಳಿಗೆ ದುಡ್ಡಿರಲಿಲ್ಲ. ಆದರೆ ಬೀದಿಗಳಿದ್ದವು, ಕತ್ತಲಿತ್ತು, ನಟರಿದ್ದರು. 2011ರ ಶರತ್ಕಾಲದಲ್ಲಿ ಸಂಜೆಯಾಗುತ್ತಲೇ ಪಾರ್ಕಿನ ಹಾಲಿವುಡ್ ಮಾದರಿಯ ಬೀದಿಗಳಿಗೆ ಜೊಂಬಿಗಳನ್ನು, ಅಂದರೆ ನಡೆದಾಡುವ ಹೆಣಗಳ ವೇಷದ ನಟರನ್ನು, ಬಿಟ್ಟರು. ಅದುವರೆಗೆ ಭಯವೆಂದರೆ ಸರದಿಯಲ್ಲಿ ನಿಂತು, ಕತ್ತಲ ಮನೆಯ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರುವುದಾಗಿತ್ತು. ಇಲ್ಲಿ ಸರದಿಯಿಲ್ಲ, ಬಾಗಿಲಿಲ್ಲ. ಪಾಪ್‌ಕಾರ್ನ್ ಹಿಡಿದು ನಡೆಯುತ್ತಿದ್ದವರ ಪಕ್ಕಕ್ಕೇ ಜೊಂಬಿ ಬಂದು ನಿಲ್ಲುತ್ತದೆ. ಮನಸಾರೆ ಕಿರುಚಲು ಜಾಗವಿಲ್ಲದ ಯುವತಿಯರಿಗೆ ಕಿರುಚುವ ಅವಕಾಶ ಕೊಡುವುದೇ ಇದರ ತಿರುಳೆಂದು ಮೊರಿಯೋಕಾ ಗ್ರಹಿಸಿದ್ದರು. 2015ರ ಅಕ್ಟೋಬರಿನಲ್ಲಿ ಆ ಪಾರ್ಕಿಗೆ ಬಂದವರು ಸುಮಾರು 17.5 ಲಕ್ಷ. ಖಾಲಿಯಾಗಿದ್ದ ತಿಂಗಳೇ ಸುಗ್ಗಿಯ ತಿಂಗಳಾಗಿತ್ತು.

ದುಡ್ಡಿಲ್ಲದ ಇಕ್ಕಟ್ಟಿನಲ್ಲಿ ಯಂತ್ರವನ್ನು ಬಿಟ್ಟು ಮನುಷ್ಯರನ್ನು ನೆಚ್ಚಿದ್ದು ನನಗೆ ಈ ಇಡೀ ಚರಿತ್ರೆಯಲ್ಲಿ ಬಹಳ ಇಷ್ಟವಾದ ಸಂಗತಿ. ಹಗಲುವೇಷದವರನ್ನು ಬಾಗಿಲಲ್ಲಿ ಕಂಡು ಅಮ್ಮನ ಸೆರಗಿನ ಹಿಂದೆ ಅಡಗಿದವರಿಗೆ ಗೊತ್ತು, ಎದುರಿಗೆ ನಿಂತ ಬಣ್ಣದ ಮುಖ ಹೆದರಿಸುವಷ್ಟು ಯಾವ ಚಕ್ರವೂ ಹೆದರಿಸುವುದಿಲ್ಲ.

ಪಾರ್ಕಿನಿಂದ ಹಬ್ಬ ಬೀದಿಗೂ ಉಕ್ಕಿತು. ಟೋಕಿಯೊದ ಶಿಬುಯಾ ವೃತ್ತದಲ್ಲಿ ಅಕ್ಟೋಬರ್ 31ರ ರಾತ್ರಿ ವೇಷಧಾರಿಗಳು ಕಿಕ್ಕಿರಿಯತೊಡಗಿದರು. 2018ರಲ್ಲಿ ಗುಂಪೊಂದು ಸಣ್ಣ ಟ್ರಕ್ಕನ್ನೇ ಮಗುಚಿತು. ಮರುವರ್ಷ ಆ ಕಾಲದಲ್ಲಿ ಬೀದಿಯಲ್ಲಿ ಕುಡಿಯುವುದನ್ನು ನಿಷೇಧಿಸಿದರು. 2022ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಇಟೆವಾನ್ ಓಣಿಯಲ್ಲಿ ಹ್ಯಾಲೋವೀನ್ ನೂಕುನುಗ್ಗಲಿಗೆ 150ಕ್ಕೂ ಹೆಚ್ಚು ಮಂದಿ ಸತ್ತ ಮೇಲೆ, ಹ್ಯಾಲೋವೀನಿಗೆಂದು ಶಿಬುಯಾಕ್ಕೆ ಬರಲೇಬೇಡಿ ಎಂದು 2023ರಲ್ಲಿ ಅಲ್ಲಿನ ಮೇಯರ್ ಕೆನ್ ಹಾಸೆಬೆ ಬಹಿರಂಗವಾಗಿ ಕೇಳಿಕೊಂಡರು. ಜೀವದ ಪ್ರಶ್ನೆ ಬಂದಾಗ ಅದು ಸರಿಯೇ. ಆದರೂ ಟಿಕೆಟ್ ಕೊಳ್ಳಲಾಗದ ಹುಡುಗ ಹುಡುಗಿಯರಿಗೆ ವೇಷ ಹಾಕಿ ನಲಿಯಲು ಊರಲ್ಲಿ ಒಂದು ಬಯಲಾದರೂ ಉಳಿಯಬೇಕಿತ್ತು ಎಂದು ನನಗನ್ನಿಸುತ್ತದೆ. ನಮ್ಮ ಜಾತ್ರೆಯ ಮಾಳಗಳನ್ನು ಸೈಟು ಮಾಡಿ ಹಂಚುವ ಮುನ್ನ ಯೋಚಿಸಬೇಕಾದ ಮಾತು ಇದು.

ಹೋಗುವ ದಂಪತಿಗೆ ಒಂದೆರಡು ಮಾತು ಹೇಳಬೇಕು. ಸಸ್ಯಾಹಾರಿಗಳು ಎಚ್ಚರವಾಗಿರಬೇಕು, ತರಕಾರಿ ಸೂಪಿನಂತೆ ಕಾಣುವುದರಲ್ಲೂ ಒಣಮೀನಿನ ರಸ ಇರುತ್ತದೆ. ಟೋಕಿಯೊದ ಇನೊಕಾಶಿರಾ ಉದ್ಯಾನದ ಕೊಳದಲ್ಲಿ ದೋಣಿಯೇರಿದ ಜೋಡಿ ಅಗಲುತ್ತದೆಂಬ ಪ್ರತೀತಿ ಇದೆ. ಅಲ್ಲಿನ ದೇವತೆ ಬೆಂಜೈತೆನ್‌ಗೆ ಜೋಡಿಗಳನ್ನು ಕಂಡರೆ ಹೊಟ್ಟೆಕಿಚ್ಚಂತೆ. ಬೆಂಜೈತೆನ್ ಎಂದರೆ ನಮ್ಮ ಸರಸ್ವತಿ. ನವರಾತ್ರಿಯಲ್ಲಿ ಅವಳನ್ನು ಪೂಜಿಸಿ ಹೋದವರು ಅಂಜಬೇಕಿಲ್ಲ. ದೊಡ್ಡ ಪಾರ್ಕುಗಳ ನಡುವೆ ಒಂದು ಸಂಜೆಯನ್ನು ಅಸಾಕುಸಾದ ಹನಯಾಶಿಕಿಗೂ ಇಡಿ. 1853ರಲ್ಲಿ ಹೂದೋಟವಾಗಿ ತೆರೆದ ಅದು ಜಪಾನಿನ ಅತಿ ಹಳೆಯ ಮನರಂಜನಾ ಉದ್ಯಾನ. ಅಲ್ಲಿನ ರೋಲರ್ ಕೋಸ್ಟರ್ 1953ರದು, ಇಂದಿಗೂ ಓಡುತ್ತಿರುವವುಗಳಲ್ಲಿ ಆ ದೇಶಕ್ಕೇ ಹಿರಿಯದು. ವೇಗ ಗಂಟೆಗೆ 42 ಕಿಲೋಮೀಟರ್ ಮಾತ್ರ, ಆದರೆ ಹಳಿ ಇಕ್ಕಟ್ಟಾದ ಕಟ್ಟಡಗಳಿಗೆ ತೀರ ಹತ್ತಿರದಲ್ಲೇ ಸುತ್ತುತ್ತದೆ. ಎದುರಿನ ಗೋಡೆ ಹತ್ತಿರವಾಗುತ್ತಿದ್ದಂತೆ ಪಕ್ಕದವರ ಕೈ ತಾನಾಗಿ ಬಿಗಿಯಾಗುತ್ತದೆ.